ಬೆಳವಣಿಗೆಗೆ ಬಿಟ್ಟ ಒಂದೂವರೆ ಇಂಚು

ನನ್ನ ಬರೆಯುವ ಮೇಜಿನ ಮೇಲೆ ಒಂದು ಮರದ ತುಂಡು ಇದೆ. ಒಂದೂವರೆ ಇಂಚು ದಪ್ಪ, ಅಂಗೈಯಷ್ಟು ಉದ್ದ. ಕೋಳಿಮೊಟ್ಟೆಯನ್ನು ಯಾರೋ ಎರಡೂ ಕಡೆಯಿಂದ ಹಿಡಿದು ಎಳೆದ ಹಾಗಿರುವ ಆಕಾರ. ಒಂದು ಮುಖ ನುಣುಪು, ಅದರಲ್ಲಿ ಎರಡು ತೂತು. ಇನ್ನೊಂದು ಮುಖದ ಮೇಲೆ ಗರಗಸದ ಗೀರುಗಳು, ಅವೂ ಸೊಟ್ಟ. ಫ್ಯಾನು ಹಾಕಿದಾಗ ಹಾರುವ ಕಾಗದಗಳ ಮೇಲೆ ಕೂರುವುದು ಅದರ ಈಗಿನ ಉದ್ಯೋಗ.

ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು ನೋಡುತ್ತಾರೆ. ಪಕ್ಕದ ಊರು ಮಿಲ್ಪಿಟಾಸಿನಿಂದ ಬಂದ ಗೆಳೆಯರೊಬ್ಬರು ಊದುಬತ್ತಿ ಸ್ಟ್ಯಾಂಡು ಎಂದು ಭಾವಿಸಿ ಎರಡು ತೂತಿಗೂ ಒಂದೊಂದು ಕಡ್ಡಿ ಸಿಕ್ಕಿಸಿ, ಭಕ್ತಿಯಿಂದ ಪೂರ್ವಕ್ಕೆ ತಿರುಗಿಸಿಟ್ಟು ಹೋದರು. ನಾನು ತಿದ್ದಲಿಲ್ಲ. ತಿದ್ದಬೇಕಾದರೆ ಜಿಂಕೆಯ ವಿಷಯ ತೆಗೆಯಬೇಕು, ಜಿಂಕೆಯಿಂದ ಕೋವಿಗೆ ಬರಬೇಕು, ಕೋವಿಯಿಂದ ತುಮಕೂರಿನ ಟೈಲರ್ ಅಂಗಡಿಗೆ ಹೋಗಬೇಕು. ಅಷ್ಟರಲ್ಲಿ ಅತಿಥಿಯ ಕಾಫಿ ಆರಿಹೋಗುತ್ತದೆ. ಓದುವವರಾದ ನಿಮ್ಮ ಕಾಫಿಗೆ ನಾನು ಜವಾಬ್ದಾರನಲ್ಲ, ಆದ್ದರಿಂದ ಹೇಳುತ್ತೇನೆ.

ಟೈಲರ್ ಅಂಗಡಿಯಿಂದಲೇ ಶುರು ಮಾಡೋಣ. ನನ್ನ ತಂದೆಯವರು ಶಿರಸ್ತೇದಾರರು. ವರ್ಷಕ್ಕೊಮ್ಮೆ ಶಾಲೆ ತೆರೆಯುವ ಮುಂಚೆ ನನ್ನನ್ನು ಗಫೂರ್ ಸಾಹೇಬರ ಮುಂದೆ ಆರೋಪಿಯ ಹಾಗೆ ನಿಲ್ಲಿಸುತ್ತಿದ್ದರು. ಸಾಹೇಬರು ಟೇಪು ಹಿಡಿದು ಸೊಂಟ, ತೊಡೆ, ಮಂಡಿ ಅಳೆದು ಅಂಕಿಗಳನ್ನು ಗಟ್ಟಿಯಾಗಿ ಕೂಗುತ್ತಿದ್ದರು. ತಂದೆಯವರು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತಿನಲ್ಲಿ ಅಷ್ಟೂ ಅಳತೆಗಳನ್ನು ರದ್ದು ಮಾಡುತ್ತಿದ್ದರು: "ಬೆಳೆಯೋ ಹುಡುಗ. ಬೆಳವಣಿಗೆಗೆ ಬಿಟ್ಟು ಹೊಲೀರಿ ಸಾಹೇಬರೇ."

ಹಾಗೆ ಬಿಟ್ಟು ಹೊಲಿದ ಚಡ್ಡಿ ಮಂಡಿ ದಾಟಿ ಕೆಳಗಿಳಿಯುತ್ತಿತ್ತು. ಪ್ಯಾಂಟು ಎನ್ನಲು ಚಿಕ್ಕದು, ಚಡ್ಡಿ ಎನ್ನಲು ನಾಚಿಕೆ. ಸೊಂಟದ ಹತ್ತಿರ ಹಿಡಿದು ಮಡಿಸಿ ಅಮ್ಮ ಒಂದು ಪಿನ್ನು ಚುಚ್ಚುತ್ತಿದ್ದಳು. ಬೂಟಿನ ಮೂತಿಗೆ ಹಳೆಯ ಪೇಪರು ತುರುಕುತ್ತಿದ್ದರು. ಹಾಗಾಗಿ ನಾನು ನಡೆದಾಗ ಸುದ್ದಿ ಪತ್ರಿಕೆ ಮಡಚಿದ ಸದ್ದು. ಎರಡು ವರ್ಷ ಕಷ್ಟಪಟ್ಟು ಬೆಳೆದು, ಕೊನೆಗೆ ನಾನೂ ಚಡ್ಡಿಯೂ ಸಮವಾದ ವಾರ ಅದರ ಹಿಂಬದಿ ಹರಿಯಿತು. ಸರಿಯಾದ ಅಳತೆಯ ಬಟ್ಟೆ ತೊಟ್ಟ ಸುಖ ನನಗೆ ಬಾಲ್ಯದಲ್ಲಿ ಒಟ್ಟು ಆರೇಳು ದಿನ ಸಿಕ್ಕಿರಬಹುದು.

ಇಷ್ಟೆಲ್ಲ ಅನುಭವಿಸಿದವನು ತನ್ನ ಮಗುವಿಗೆ ಇದನ್ನು ಮಾಡುವುದಿಲ್ಲ ಎಂದು ನೀವು ಅಂದುಕೊಂಡಿರಬಹುದು. ನೀವು ಒಳ್ಳೆಯವರು.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ನೆಲೆಸಿದ ಮೇಲೆ ನಾನು ನನ್ನ ಒಬ್ಬಳೇ ಮಗಳು ನಂದಿನಿಗೆ ಕೊಂಡ ಕೋಟುಗಳಲ್ಲಿ ಅವಳ ಬೆರಳು ಕಂಡದ್ದೇ ಅಪರೂಪ. ಸೈಕಲ್ಲಿನ ಪೆಡಲಿಗೆ ಕಾಲು ಎಟುಕಲಿಲ್ಲ. ಪಿಟೀಲು ಕಲಿಯಲು ಹೋದಾಗ ಮೇಷ್ಟ್ರು, ಮಕ್ಕಳಿಗೆಂದೇ ಮುಕ್ಕಾಲು ಅಳತೆಯ ಪಿಟೀಲು ಸಿಗುತ್ತದೆ, ಅದನ್ನು ತನ್ನಿ ಎಂದರು. ನಾನು ಪೂರ್ತಿಯದನ್ನೇ ತಂದೆ. ನಾಲ್ಕು ತಿಂಗಳಿಗೆ ಬಿಟ್ಟಳು. ಸೈಕಲ್ಲನ್ನೂ ಬಿಟ್ಟಿದ್ದಳು. ಮಗುವಿಗೆ ಯಾವುದರಲ್ಲೂ ಆಸಕ್ತಿ ನಿಲ್ಲುವುದಿಲ್ಲ ಎಂದು ನಾನು ತೀರ್ಮಾನಿಸಿ, ಹೆಂಡತಿಯ ತವರಿನ ಕಡೆಯವರ ಚಂಚಲ ಸ್ವಭಾವವೇ ಇದಕ್ಕೆ ಕಾರಣವೆಂದು ಘೋಷಿಸಿದೆ.

ಒಂದರಲ್ಲಿ ಮಾತ್ರ ಆಸಕ್ತಿ ನಿಂತಿತು. ಪಕ್ಕದ ಮನೆಯ ವಾಲ್ಟರ್ ಅವರ ಹಿತ್ತಲಿನಲ್ಲಿ.

ವಾಲ್ಟರ್ ನಿವೃತ್ತ ಬಡಗಿ. ಒಂಟಿ ಮನುಷ್ಯ, ಮಾತು ಕಡಿಮೆ. ಅವರ ಹಿತ್ತಲಿನ ಬೇಲಿಯ ಮೇಲೆ ಖಾಲಿ ಡಬ್ಬಗಳ ಸಾಲು ಇರುತ್ತಿತ್ತು. ಗಾಳಿಯ ಒತ್ತಡದಿಂದ ಸೀಸದ ಕಾಳು ಹಾರಿಸುವ ಒಂದು ಚಿಕ್ಕ ಕೋವಿಯಿಂದ ಅವನ್ನು ಬೀಳಿಸುವುದನ್ನು ಹನ್ನೆರಡು ವರ್ಷದ ನಂದಿನಿಗೆ ಅವರು ಕಲಿಸಿದರು. ಎರಡು ವರ್ಷ ಅವಳು ಒಂದು ವಾರವೂ ತಪ್ಪಿಸಲಿಲ್ಲ. ಮನೆಯಲ್ಲಿ ನನ್ನೊಂದಿಗೆ "ಯಾ", "ನೋ", "ಫೈನ್" ಎಂಬ ಮೂರು ಶಬ್ದಗಳಲ್ಲಿ ಸಂಸಾರ ಮಾಡುತ್ತಿದ್ದ ಹುಡುಗಿ ಬೇಲಿಯಾಚೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಪಾತ್ರೆ ತೊಳೆಯುವ ನೆಪ ಇರುತ್ತಿತ್ತು. ಆ ಎರಡು ವರ್ಷ ನಮ್ಮ ಮನೆಯ ಪಾತ್ರೆಗಳು ಬಹಳ ಶುಭ್ರವಾಗಿದ್ದವು.

ಹದಿನಾಲ್ಕು ತುಂಬಿದಾಗ ಅವಳು ಬೇಟೆಯ ಸುರಕ್ಷತೆಯ ತರಗತಿಗೆ ನಾಲ್ಕು ಶನಿವಾರ ಹೋಗಿ, ಪುಸ್ತಿಕೆಯನ್ನು ಬಾಯಿಪಾಠ ಮಾಡಿ, ಪರೀಕ್ಷೆ ಪಾಸಾಗಿ ಬಂದಳು. ಆ ವರ್ಷದ ಜಿಂಕೆ ಬೇಟೆಯ ಸೀಸನ್ನಿಗೆ ವಾಲ್ಟರ್ ಕರೆದುಕೊಂಡು ಹೋಗುವವರಿದ್ದರು. ಎಂಬತ್ತರ ದಶಕದ ನಡುಭಾಗ ಅದು. ಒಂದು ಸಂಜೆ ಅವಳು ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು.

"ಅಪ್ಪ, ನಂಗೊಂದು ರೈಫಲ್ ಬೇಕು. ನೀವೂ ಬರ್ತೀರಾ? ಚೂಸ್ ಮಾಡೋಕೆ?"

ಇಷ್ಟು ಉದ್ದದ ಕನ್ನಡ ವಾಕ್ಯವನ್ನು ಅವಳು ನನಗಾಗಿ ಖರ್ಚು ಮಾಡಿ ವರ್ಷಗಳಾಗಿದ್ದವು. ಅವಳು ವಾಲ್ಟರ್ ಅವರೊಂದಿಗೇ ಹೋಗಿ ಮುಗಿಸಬಹುದಿತ್ತು. ನನ್ನನ್ನು ಕರೆದಳು. ಬೇಲಿಯಾಚೆಯ ಆ ಮಾತಿನೊಳಕ್ಕೆ ನನಗೊಂದು ಬಾಗಿಲು ತೆರೆಯಿತು ಎಂದುಕೊಂಡೆ. ತೆರೆದದ್ದು ನಿಜ. ಮುಚ್ಚಿದವನು ಯಾರು ಎಂಬುದೇ ಈ ಪ್ರಬಂಧ.

ನನ್ನ ಹೆಂಡತಿ ಶಾರದೆ ಒಲೆಯ ಮುಂದಿನಿಂದಲೇ ವಿಚಾರಣೆ ಆರಂಭಿಸಿದಳು.

"ಜಿಂಕೆ ಏನ್ರೀ ಮಾಡಿತ್ತು ನಿಮಗೆ?"

"ನನಗೇನೂ ಮಾಡಿಲ್ಲ."

"ನಮ್ಮ ವಂಶದಲ್ಲಿ ಯಾರಾದ್ರೂ ಬೇಟೆ ಆಡಿದ್ದುಂಟಾ?"

ನಮ್ಮ ವಂಶದ ಬೇಟೆಯ ಇತಿಹಾಸ ಜಿರಳೆಯ ಹತ್ತಿರ ನಿಂತುಹೋಗಿತ್ತು. ಅದರಲ್ಲೂ ಅರ್ಧಕ್ಕರ್ಧ ತಪ್ಪಿಸಿಕೊಂಡಿದ್ದವು. ಆದರೂ ನಾನು, ಮಗು ಜೀವನದಲ್ಲಿ ಮೊದಲ ಬಾರಿಗೆ ಒಂದು ವಿಷಯಕ್ಕೆ ಅಂಟಿಕೊಂಡಿದೆ, ಅದನ್ನು ಮುರಿಯುವುದು ತಂದೆತಾಯಿಯ ಧರ್ಮವಲ್ಲ ಎಂದು ಪ್ರವಚನ ಮಾಡಿದೆ. ಶಾರದೆ ಬಹಳ ಹೊತ್ತು ಸಾರು ತಿರುವಿದಳು. "ಮಾಂಸ ಈ ಹೊಸಲು ದಾಟಬಾರದು. ಅವಳಿಗೆ ಪೆಟ್ಟಾಗಬಾರದು. ಅಷ್ಟೇ ನಾನು ಹೇಳೋದು," ಎಂದಳು. ಎರಡಕ್ಕೂ ನಾನು ಮಾತು ಕೊಟ್ಟೆ. ಮೊದಲನೆಯದನ್ನು ನಡೆಸಿಕೊಟ್ಟೆ.

ಆಮೇಲೆ ನನ್ನ ಸಂಶೋಧನೆ ಶುರುವಾಯಿತು. ನಾನು ವೃತ್ತಿಯಿಂದ ಇಂಜಿನಿಯರು. ಲೈಬ್ರರಿಯಿಂದ ಪುಸ್ತಕಗಳು ಬಂದವು. ಗ್ರಾಫ್ ಕಾಗದದ ನೋಟ್‌ಬುಕ್ಕು ಬಂತು. ಕೋವಿಯ ತೂಕ, ನಳಿಗೆಯ ಉದ್ದ, ಗುಂಡಿನ ವೇಗ ಎಲ್ಲಕ್ಕೂ ಒಂದೊಂದು ಅಂಕಣ. ಮದುವೆಗೆ ಹೆಣ್ಣು ನೋಡುವಾಗ ನಾನು ಇದರ ಹತ್ತರಲ್ಲೊಂದು ಪಾಲೂ ವಿಚಾರಿಸಿರಲಿಲ್ಲ ಎಂದು ಶಾರದೆ ಅಂದಳು. ನೋಟ್‌ಬುಕ್ಕಿನಲ್ಲಿ ಹದಿನೊಂದು ಅಂಕಣಗಳಿದ್ದವು. ಹುಡುಗಿಯ ಎತ್ತರ, ತೋಳಿನ ಉದ್ದ, ತೂಕ ಎಂಬ ಅಂಕಣ ಇರಲಿಲ್ಲ. ಆಗ ಅವಳು ನಾಲ್ಕಡಿ ಹತ್ತಿಂಚು, ತೊಂಬತ್ತು ಪೌಂಡು.

ಕೋವಿಯ ಅಂಗಡಿಗೆ ನಂದಿನಿ, ವಾಲ್ಟರ್, ನಾನು ಮೂವರೂ ಹೋದೆವು. ವಾಲ್ಟರ್ ಯಾವ ನೋಟ್‌ಬುಕ್ಕೂ ಇಲ್ಲದೆ ನೇರವಾಗಿ ಮೂಲೆಗೆ ಹೋಗಿ, ಯಾರೋ ಬಳಸಿ ಬಿಟ್ಟಿದ್ದ ಒಂದು ಸಣ್ಣ ರೈಫಲ್ ತೆಗೆಸಿದರು.

"ಟೂ ಫಾರ್ಟಿ ತ್ರೀ," ಎಂದರು ನನ್ನ ಕಡೆ ತಿರುಗಿ. ಅದು ಗುಂಡಿನ ಅಳತೆಯ ಹೆಸರು. "ಜಿಂಕೆಗೆ ಧಾರಾಳ ಸಾಕು. ಭುಜಕ್ಕೆ ಒದೆಯೋದು ಕಡಿಮೆ. ಭುಜಕ್ಕೆ ಆನಿಸೋ ಹಿಂದಿನ ಮರಾನೂ ಗಿಡ್ಡ. ಶುರು ಮಾಡೋರಿಗೆ ಇದೇ ಸರಿ."

ನಂದಿನಿ ಅದನ್ನೆತ್ತಿ ಭುಜಕ್ಕೆ ತಂದಳು. ಕೋವಿ ತಾನಾಗಿ ಹೋಗಿ ಅವಳ ಕೆನ್ನೆಯ ಕೆಳಗೆ ಕೂತಿತು. ಕುತ್ತಿಗೆ ಚಾಚಲಿಲ್ಲ, ಬೆನ್ನು ಹಿಂದಕ್ಕೆ ಬಾಗಲಿಲ್ಲ. ಹಾಗೆ ಸರಿಯಾದ ಅಳತೆಯಲ್ಲಿ ನಿಂತ ನನ್ನ ಮಗಳನ್ನು ನಾನು ಅದೇ ಮೊದಲು ನೋಡಿದ್ದು. ನೋಡಿಯೂ ತಿಳಿಯಲಿಲ್ಲ.

"ಅಪ್ಪ, ದಿಸ್ ಒನ್."

"ಎರಡು ವರ್ಷಕ್ಕೆ ಚಿಕ್ಕದಾಗುತ್ತೆ ಪುಟ್ಟಿ. ಬೆಳೆಯೋ ಹುಡುಗಿ ನೀನು."

ನನ್ನ ಬಾಯಿಂದ ತುಮಕೂರಿನ ಶಿರಸ್ತೇದಾರರು ಮಾತಾಡುತ್ತಿದ್ದರು. ನೋಟ್‌ಬುಕ್ಕು ತೆರೆದು, ಅದರಲ್ಲಿ ಹೆಚ್ಚು ಅಂಕ ಪಡೆದಿದ್ದ ಥರ್ಟಿ ಆಟ್ ಸಿಕ್ಸ್ ಎಂಬ ದೊಡ್ಡ ಗುಂಡಿನ ರೈಫಲನ್ನು ತೋರಿಸಲು ಅಂಗಡಿಯವನಿಗೆ ಹೇಳಿದೆ. ಆಳುದ್ದದ ಗಂಡಸರು ಹೆಗಲಿಗೇರಿಸುವ ಕೋವಿ. ಹೊಳೆಯುವ ವಾಲ್‌ನಟ್ ಮರ. ಇದಿದ್ದರೆ ಜಿಂಕೆಯೇನು, ಮುಂದೆ ಕರಡಿಯ ಮನಸ್ಸಾದರೂ ಸಾಲುತ್ತದೆ, ಜೀವಮಾನಕ್ಕೆ ಒಂದೇ ಸಲ ಕೊಂಡರಾಯಿತು ಎಂದು ವಿವರಿಸಿದೆ. ನಂದಿನಿ ಕೌಂಟರಿನ ಹಿಂದಿನ ಕನ್ನಡಿಯಲ್ಲಿ ತನ್ನನ್ನು ತಾನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿಕೊಂಡಳು.

"ನಾನು ಅಷ್ಟು ಬೆಳೀತೀನಾ?"

"ಬೆಳೀದೆ ಏನು? ನನ್ನ ಮಗಳಲ್ವಾ?"

"ಓಕೆ," ಎಂದಳು. ಸಣ್ಣ ಕೋವಿಯನ್ನು ಎರಡೂ ಕೈಯಿಂದ ಮೆಲ್ಲಗೆ, ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ, ಕೌಂಟರಿನ ಮೇಲೆ ವಾಪಸಿಟ್ಟಳು.

ಕಾರಿನ ಹತ್ತಿರ ಬಂದಾಗ ವಾಲ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ಕೊಂಡದ್ದು ಕೊಂಡಾಯ್ತು. ಹಿಂದಿನ ಮರ ಒಂದೂವರೆ ಇಂಚು ಕೊಯ್ದುಕೊಡ್ತೀನಿ. ಆ ತುಂಡು ಇಟ್ಕೊಂಡಿರಿ. ಬೆಳೆದಳು ಅಂದ್ರೆ ಅದನ್ನೇ ಮತ್ತೆ ಅಂಟಿಸಿದರಾಯ್ತು. ಗುರುತೂ ಸಿಗಲ್ಲ."

"ಹೊಸ ಮರವನ್ನೇ?" ಎಂದೆ. ಆಸ್ತಿಯ ಮೇಲೆ ಗರಗಸ ಆಡಿಸುವ ಪ್ರಸ್ತಾಪ ನನ್ನನ್ನು ನಿಜಕ್ಕೂ ನೋಯಿಸಿತ್ತು. ವಾಲ್ಟರ್ ಭುಜ ಕುಣಿಸಿ ಕಾರು ಹತ್ತಿದರು. ಬಡಗಿಗಳು ಎರಡು ಸಲ ಹೇಳುವುದಿಲ್ಲ.

ಆ ಭಾನುವಾರ ಗುಡ್ಡದ ಮೇಲಿನ ಶೂಟಿಂಗ್ ರೇಂಜಿಗೆ ಹೋದೆವು. ಮೊದಲ ಗುಂಡಿಗೆ ಅವಳ ಟೊಪ್ಪಿಗೆ ಬಿತ್ತು. ಕೋವಿ ಅವಳನ್ನು ಒದ್ದ ರೀತಿಗೆ ನನ್ನ ಹಲ್ಲು ಜುಮ್ಮೆಂದಿತು.

"ನೋವಾಯ್ತಾ?"

"ಇಟ್ಸ್ ಫೈನ್, ಅಪ್ಪ."

ಆರನೆಯದೋ ಏಳನೆಯದೋ ಗುಂಡಿಗೆ ಮುಂಚೆ ವಾಲ್ಟರ್ ತಾವೇ ತುಂಬಿಸಿಕೊಡುತ್ತೇನೆಂದು ಕೋವಿ ಇಸಿದುಕೊಂಡರು. ನನಗೆ ಮಾತ್ರ ಕಾಣುವಂತೆ, ಗುಂಡು ಹಾಕದೆಯೇ ಮುಚ್ಚಿ ಕೊಟ್ಟರು. ನಂದಿನಿ ಗುರಿಯಿಟ್ಟು ಬೆರಳಿನಿಂದ ಕೋವಿಯ ಕುದುರೆ ಎಳೆದಳು. ಟಿಕ್ ಎಂದಿತಷ್ಟೆ. ಆದರೂ ಕೋವಿಯ ಮೂತಿ ಒಂದು ಗೇಣು ಎಗರಿತು; ಅವಳ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು.

"ನೋಡಿದ್ರಾ?" ಎಂದರು ವಾಲ್ಟರ್ ತಗ್ಗಿದ ದನಿಯಲ್ಲಿ. "ಖಾಲಿ ಕೋವಿಗೂ ಹೆದರ್ತಿದಾಳೆ."

"ಅಭ್ಯಾಸ ಆಗುತ್ತೆ," ಎಂದೆ.

ಮೂರನೆಯ ಭಾನುವಾರದ ಹೊತ್ತಿಗೆ ಅವಳು ಸುಧಾರಿಸಿದಳು. ಟೊಪ್ಪಿಗೆ ಬೀಳಲಿಲ್ಲ, ಹತ್ತರಲ್ಲಿ ಆರು ಗುರಿಯ ಕಾಗದಕ್ಕೆ ಬಿದ್ದವು. ನನ್ನ ಸಿದ್ಧಾಂತ ಗೆದ್ದಿತೆಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ನಮೂದಿಸಿದೆ. ಆ ಬೇಸಿಗೆಯ ಸೆಕೆಯಲ್ಲೂ ಅವಳು ದಪ್ಪ ಅಂಗಿ ತೊಟ್ಟು ಬರುತ್ತಿದ್ದಳಲ್ಲ, ಯಾಕೆ ಎಂದು ನನಗೆ ಹೊಳೆಯಲಿಲ್ಲ. ಅದಕ್ಕೂ ಅಂಕಣ ಇರಲಿಲ್ಲ.

ಲಿವರ್‌ಮೋರ್ ಆಚೆ ವಾಲ್ಟರ್ ಅವರ ಗೆಳೆಯರೊಬ್ಬರ ಗುಡ್ಡಗಳಿದ್ದವು. ಸೀಸನ್ನಿನ ಎರಡನೆಯ ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋದೆವು. ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಓಕ್ ಮರ. ಬಿಸಿಲೇರುವ ಮೊದಲೇ ಒಂದು ಮರದಡಿ ಜಿಂಕೆ ಕಂಡಿತು. ಕವಲೊಡೆದ ಕೊಂಬಿನ ಗಂಡು, ಎಂಬತ್ತು ಗಜ ದೂರ, ನಮಗೆ ಅಡ್ಡವಾಗಿ ನಿಂತು ಏನನ್ನೋ ಮೇಯುತ್ತಿತ್ತು. ಬೇಲಿಯ ಮೇಲಿನ ಡಬ್ಬಗಳಷ್ಟೇ ಸುಲಭದ ಗುರಿ.

"ಅವಸರ ಇಲ್ಲ, ಚಿನ್ನ," ಎಂದರು ವಾಲ್ಟರ್. "ಖಾತ್ರಿ ಅನ್ನಿಸಿದರೆ ಮಾತ್ರ."

ನಾನು ಅವಳ ಬಲಕ್ಕೆ ಮಂಡಿಯೂರಿ ಕೂತಿದ್ದೆ. ಅವಳು ಕೋವಿ ಎತ್ತಿದಳು. ಉದ್ದವಾದ ಮರಕ್ಕೆ ದಾರಿ ಮಾಡಿಕೊಡಲು ಬೆನ್ನು ಹಿಂದಕ್ಕೆ ಬಾಗಿತು, ಕೋವಿಯ ಮೇಲಿನ ದುರ್ಬೀನಿಗೆ ಕಣ್ಣು ಎಟುಕಿಸಲು ಕುತ್ತಿಗೆ ಮುಂದಕ್ಕೆ ಚಾಚಿತು. ಒಂದು ಸಲ ಇಳಿಸಿ ನನ್ನ ಮುಖ ನೋಡಿದಳು. ನಾನು ಹುರುಪಿನಿಂದ ತಲೆಯಾಡಿಸಿದೆ. ಮತ್ತೆ ಎತ್ತಿದಳು. ಗುಂಡು ಹಾರುವ ಮೊದಲೇ ಅವಳ ಕಣ್ಣು ಮುಚ್ಚಿದ್ದನ್ನು ನಾನು ಕಂಡೆ.

ಜಿಂಕೆ ಬೀಳಲಿಲ್ಲ. ಬೆನ್ನು ಗೂನಾಗಿಸಿಕೊಂಡು ಎಗರಿ, ಹಿಂಗಾಲೊಂದನ್ನು ಎಳೆದುಕೊಂಡು ಇಳಿಜಾರಿನಲ್ಲಿ ಮರೆಯಾಯಿತು.

ಮಧ್ಯಾಹ್ನ ಮೂರರವರೆಗೆ ಹುಡುಕಿದೆವು. ಹುಲ್ಲಿನ ಮೇಲೆ ರಕ್ತದ ಹನಿ ಸಿಕ್ಕುತ್ತ ಹೋಗಿ, ಬತ್ತಿದ ಹಳ್ಳದ ಕಲ್ಲುಗಳ ಹತ್ತಿರ ನಿಂತುಹೋಯಿತು. ನಂದಿನಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು, ನೀರು ಕುಡಿ ಎಂದರೂ ನಿಲ್ಲದೆ. ಅದು ಸಾಯುತ್ತದೆಯೇ ಎಂದು ವಾಲ್ಟರ್ ಅವರನ್ನು ಕೇಳಿದಳು. "ಹೌದು," ಎಂದರು ಅವರು. ಬೇಗನೆಯೇ ಎಂದು ಕೇಳಿದಳು. ಅವರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ಅವಳು ಇನ್ನೊಮ್ಮೆ ಕೇಳಲಿಲ್ಲ.

ಹಿಂದಿರುಗುವಾಗ ಫ್ರೀವೇ ಮೇಲೆ ಅವಳು ಬಾಯಿ ಬಿಟ್ಟಳು.

"ಐ ಕ್ಲೋಸ್ಡ್ ಮೈ ಐಸ್, ಅಪ್ಪ."

ಆ ಕ್ಷಣದಲ್ಲಿ ಒಬ್ಬ ತಂದೆ ಹೇಳಬಹುದಾದ ಮಾತುಗಳು ನೂರಿದ್ದವು. ಆಮೇಲೆ ನನಗೆ ಅವೆಲ್ಲ ಹೊಳೆದಿವೆ. ಕೆಲವು ಬಹಳ ಚೆನ್ನಾಗಿವೆ. ಅಂದು ನಾನು ಹೇಳಿದ್ದು ಇದು: "ಮುಂದಿನ ವರ್ಷ ಸರಿಹೋಗುತ್ತೆ ಬಿಡು. ಅಷ್ಟರಲ್ಲಿ ಇನ್ನೂ ಎರಡಿಂಚು ಬೆಳೆದಿರ್ತೀಯ."

ಅವಳು ಕಿಟಕಿಯ ಕಡೆ ತಿರುಗಿದಳು. ಮನೆಯಲ್ಲಿ ಶಾರದೆ ಅವಳ ಮುಖ ನೋಡಿ ಏನನ್ನೂ ಕೇಳದೆ ಸ್ನಾನಕ್ಕೆ ನೀರು ಬಿಟ್ಟಳು. ನನಗೆ ಕಾಫಿ ಸಿಕ್ಕಿತು, ಮಾತು ಸಿಗಲಿಲ್ಲ.

ನಂದಿನಿ ಮತ್ತೆ ಕೋವಿ ಮುಟ್ಟಲಿಲ್ಲ. ಅದು ಹೋಗಲಿ, ಬೇಲಿಯಾಚೆಗೂ ಹೋಗಲಿಲ್ಲ. ವಾಲ್ಟರ್ ಕೆಲವು ತಿಂಗಳು ಡಬ್ಬಗಳನ್ನು ಜೋಡಿಸಿಟ್ಟೇ ಇದ್ದರು. ಮಳೆಗಾಲದಲ್ಲಿ ಅವು ತುಕ್ಕು ಹಿಡಿದವು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಕೇಳುತ್ತಿದ್ದದ್ದು ನಲ್ಲಿಯ ಸದ್ದು ಮಾತ್ರ. ಎರಡು ವರ್ಷದ ಮೇಲೆ ವಾಲ್ಟರ್ ಮನೆ ಮಾರಿ ಒರೆಗಾನಿನ ತಂಗಿಯ ಊರಿಗೆ ಹೊರಟರು. ಹೋಗುವ ದಿನ ಬಂದು ತಮ್ಮ ಗರಗಸಗಳಲ್ಲಿ ಒಂದನ್ನು ನನ್ನ ಕೈಗಿಟ್ಟರು. ಮರಗೆಲಸ ಬಾರದವನಿಗೆ ಇದೇಕೆ ಎಂದು ಕೇಳಿದೆ. "ಇರಲಿ," ಎಂದರು. ನಾನು ಆಗಲೇ ಹೇಳಿದೆನಲ್ಲ, ಬಡಗಿಗಳು ಎರಡು ಸಲ ಹೇಳುವುದಿಲ್ಲ.

ನಂದಿನಿ ಬೆಳೆದಳು. ಓದಿನಲ್ಲಿ ಬೆಳೆದಳು, ಬರ್ಕ್ಲಿಗೆ ಹೋದಳು, ಕೆಲಸ ಹಿಡಿದು ಸ್ಯಾಕ್ರಮೆಂಟೋ ಸೇರಿದಳು. ಎತ್ತರದಲ್ಲಿ ಮಾತ್ರ ತಾಯಿಯ ಕಡೆಯವರಂತೆ ಐದಡಿ ಒಂದಿಂಚಿಗೆ ರಾಜಿ ಮಾಡಿಕೊಂಡಳು. ನಾನು ಕೊಂಡ ಕೋವಿ ಪೆಟ್ಟಿಗೆಯೊಳಗೆ ಮಲಗಿ, ಬರಲಾರದ ಉದ್ದನೆಯ ಹುಡುಗಿಯೊಬ್ಬಳನ್ನು ಕಾಯುತ್ತಲೇ ಇತ್ತು.

ಕಳೆದ ಚಳಿಗಾಲ ಗ್ಯಾರೇಜು ಖಾಲಿ ಮಾಡುವಾಗ ಅದನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಪೆಟ್ಟಿಗೆ ತೆರೆದೆ. ಪಕ್ಕದ ಜೇಬಿನಲ್ಲಿ ಒಂದು ಬಟ್ಟೆಯ ಮೆತ್ತೆ ಸಿಕ್ಕಿತು. ಹಸಿರು ಚೌಕಳಿಯ ಹಳೆಯ ಹತ್ತಿ ಸೀರೆಯನ್ನು ಪದರು ಪದರಾಗಿ ಮಡಿಸಿ, ಕೌದಿ ಹೊಲಿಯುವ ಹಾಗೆ ಉದ್ದಕ್ಕೂ ಒತ್ತೊತ್ತಾಗಿ ದಾರ ಓಡಿಸಿತ್ತು. ತೋಳಿಗೆ ಕಟ್ಟಿಕೊಳ್ಳಲು ಎರಡು ಲಾಡಿ. ಒಳಗೆ ತಂದು ಶಾರದೆಗೆ ತೋರಿಸಿದೆ.

"ಅಯ್ಯೋ, ಇನ್ನೂ ಇದೆಯಾ ಇದು?" ಎಂದಳು. ಕೈಗೆ ತೆಗೆದುಕೊಂಡು ಒಂದೆರಡು ಹೊಲಿಗೆ ಸವರಿದಳು. "ಮೊದಲನೇ ಭಾನುವಾರ ಬಂದು ಸ್ನಾನಕ್ಕೆ ಹೋದಾಗ ನೋಡ್ದೆ. ಭುಜ ಎಲ್ಲಾ ನೀಲಿಗಟ್ಟಿತ್ತು. ಅಪ್ಪಂಗೆ ಹೇಳ್ಬೇಡಮ್ಮ, ಅಷ್ಟೊಂದು ಓದಿ ತಂದಿದಾರೆ, ಬೇಜಾರಾಗುತ್ತೆ ಅಂದ್ಲು. ಅಂಗಿ ಒಳಗೆ ಕಟ್ಕೊಳ್ಳೋಕೆ ಇದನ್ನ ಹೊಲಿದುಕೊಟ್ಟೆ."

ಬೇಟೆಯೇ ಬೇಡ ಎಂದವಳು ಹೊಲಿದುಕೊಟ್ಟಿದ್ದಳು. ನನ್ನ ಸಿದ್ಧಾಂತವನ್ನು ಗೆಲ್ಲಿಸಿದ್ದು ಆ ಸೀರೆ. ಅದೂ ಎಂಥ ಗೆಲುವು! ಮೆತ್ತೆಯ ದಪ್ಪ ಸೇರಿ, ಮೊದಲೇ ಉದ್ದವಾಗಿದ್ದ ಕೋವಿ ಇನ್ನೂ ಅರ್ಧ ಇಂಚು ಉದ್ದವಾಗಿತ್ತು. ಓಕ್ ಮರದೆದುರು ಅವಳು ಅಷ್ಟು ಕುತ್ತಿಗೆ ಚಾಚಿದ್ದು ಅದಕ್ಕೇ.

"ನೀನಾದರೂ ನನಗೆ ಹೇಳಬಹುದಿತ್ತು," ಎಂದೆ.

"ಹೇಳಿದ್ರೆ ಏನಂತಿದ್ರಿ?"

ನಾನು ಪ್ರಾಮಾಣಿಕವಾಗಿ ಯೋಚಿಸಿ ನೋಡಿದೆ. "ಬೆಳೀತಾಳೆ ಬಿಡು ಅಂತಿದ್ದೆ."

"ಮತ್ತೆ?" ಎಂದು ಮೆತ್ತೆಯನ್ನು ನನ್ನ ಕೈಗೇ ಕೊಟ್ಟಳು.

ಮಧ್ಯಾಹ್ನ ನಂದಿನಿಗೆ ಫೋನು ಮಾಡಿದೆ. ಮೆತ್ತೆ ಸಿಕ್ಕಿತೆಂದಾಗ ನಕ್ಕಳು. "ದಟ್ ಥಿಂಗ್! ಬಿಸಾಕಿಲ್ವಾ ಅದನ್ನ?" ನಾನು ನಗಲಿಲ್ಲ. ಅಷ್ಟು ನೋವಾಗುತ್ತಿದ್ದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೋವಿ ದೊಡ್ಡದಾಯಿತು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತಲ್ಲ ಎಂದೆ.

"ದೊಡ್ಡದು ಅಂತ ನಂಗೆ ಅನ್ನಿಸ್ಲೇ ಇಲ್ಲಪ್ಪ. ಬೆಳೀತೀಯ ಅಂದಿದ್ರಲ್ಲ ನೀವು. ಐ ಥಾಟ್ ಐ ವಾಸ್ ಲೇಟ್. ನಾನೇ ಬೇಗ ಬೆಳೀತಿಲ್ಲ ಅಂತ."

ಆಮೇಲೆ ಅವಳ ಆಫೀಸು, ಶಾರದೆಯ ಮಂಡಿನೋವು ಇತ್ಯಾದಿ ಮಾತಾಡಿದೆವು. ಪಿಟೀಲಿನ ಬಗ್ಗೆ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಸೈಕಲ್ಲಿನ ಬಗ್ಗೆಯೂ. ಕೇಳುವ ಧೈರ್ಯ ಆಗಲಿಲ್ಲ.

ಫೋನು ಇಟ್ಟು ಗ್ಯಾರೇಜಿಗೆ ಹೋದೆ. ಕೋವಿಯ ಹಿಂಬದಿಯ ರಬ್ಬರು ಬಿಲ್ಲೆಯ ಎರಡು ಸ್ಕ್ರೂ ತೆಗೆದೆ. ಟೇಪು ಹಿಡಿದು ಸರಿಯಾಗಿ ಒಂದೂವರೆ ಇಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ವಾಲ್ಟರ್ ಕೊಟ್ಟ ಗರಗಸ ಮೊಳೆಯ ಮೇಲೆ ತೂಗಾಡುತ್ತಿತ್ತು. ಅಷ್ಟು ವರ್ಷ ಅದು ಅಲ್ಲೇ ತೂಗಾಡಿಕೊಂಡಿತ್ತು.

ಸದ್ದು ಕೇಳಿ ಶಾರದೆ ಬಾಗಿಲಿಗೆ ಬಂದಳು.

"ಈಗ ಯಾರಿಗ್ರೀ ಇದು?"

ನಾನು ಗೆರೆಯ ಮೇಲೆ ಗರಗಸ ಆಡಿಸುತ್ತಲೇ ಇದ್ದೆ. ತುಂಡು ಕಳಚಿ ನೆಲಕ್ಕೆ ಬಿತ್ತು. ಅವಳು ಮೂಲೆಯಿಂದ ಪೊರಕೆ ತಂದು, ಮರದ ಪುಡಿಯನ್ನು ಗುಡಿಸಿ ಒಟ್ಟುಮಾಡುತ್ತ ಕೇಳಿದಳು:

"ಎಷ್ಟು ಹೊತ್ತು ಹಿಡೀತು?"

ನನ್ನದು ಇಂಜಿನಿಯರನ ಬುದ್ಧಿ. ಶುರು ಮಾಡುವಾಗ ಗಡಿಯಾರ ನೋಡಿಕೊಂಡಿದ್ದೆ.

"ನಾಲ್ಕು ನಿಮಿಷ," ಎಂದೆ.